ಅಡಿಗೆಮನೆಯಲ್ಲಿ ಔಷಧ ಕಂಡ ಡಾಕ್ಟರ್ ಗೋಲ್ಡ್‌ಬರ್ಗರ್

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಬೇಕು ಅಂತ ಸಂಪಾದಕ ಮಂಡಳಿಯವರು ನಮಗೆ ಹೇಳಿದರು. ಗಾಂಧೀಜಿಯವರು, ಬಸವಣ್ಣನವರು, ಸರ್ ಎಂ. ವಿಶ್ವೇಶ್ವರಯ್ಯನವರು, ಹಾಲಿನ ಕುರಿಯನ್ ಸಾಹೇಬರು, ಇವರ ಬಗ್ಗೆ ಬರೆಯುವುದಕ್ಕೆ ನಮಗಿಂತ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ, ಆಮೇಲೆಲ್ಲ ಹೊಲ ಮತ್ತು ದನದ ಕೊಟ್ಟಿಗೆ. ಆದ್ದರಿಂದ ಹೊಲಕ್ಕೂ ಹಾಲಿಗೂ ಸಂಬಂಧಪಟ್ಟ ಒಬ್ಬ ಡಾಕ್ಟರ ಕಥೆಯನ್ನು ಆರಿಸಿಕೊಂಡಿದ್ದೇವೆ. ಡಾಕ್ಟರಿಕೆ ಓದಿದವರಿಗೆಲ್ಲ ಇವರ ಹೆಸರು ಗೊತ್ತು. ರೈತರಾದ ನಮಗೂ ಗೊತ್ತಿರಬೇಕಾದ ಹೆಸರು ಅಂತ ನಮ್ಮ ಅಭಿಪ್ರಾಯ.

ಅವರೇ ಡಾ. ಜೋಸೆಫ್ ಗೋಲ್ಡ್‌ಬರ್ಗರ್. ಅಮೆರಿಕಾ ದೇಶದ ಸರ್ಕಾರಿ ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲಿ 1899ರಿಂದ 1929ರವರೆಗೆ, ಅಂದರೆ ಸಾಯುವ ತನಕ ಮೂವತ್ತು ವರ್ಷ ದುಡಿದವರು. ಒಂದೇ ಬೆಳೆ ಬೆಳೆದು, ಒಂದೇ ಆಹಾರ ತಿಂದು, ಸಾಲದಲ್ಲಿ ಮುಳುಗಿದ್ದ ಬಡ ರೈತರಿಗೂ ಗಿರಣಿ ಕೂಲಿಗಳಿಗೂ ಬರುತ್ತಿದ್ದ ಒಂದು ಕೆಟ್ಟ ರೋಗದ ಮೂಲ ಹುಡುಕಿದವರು.

ಹುಟ್ಟಿದ್ದು 1874ರ ಜುಲೈ 16ರಂದು, ಯುರೋಪಿನ ಗಿರಾಲ್ಟ್ ಎಂಬ ಊರಲ್ಲಿ. ಆಗ ಅದು ಹಂಗೇರಿಗೆ ಸೇರಿತ್ತು, ಈಗ ಸ್ಲೊವಾಕಿಯಾ ದೇಶದಲ್ಲಿದೆ. ಕುರಿ ಸಾಕಿ ಬದುಕುವ ಯೆಹೂದಿ ಕುಟುಂಬ. ಆರು ಮಕ್ಕಳಲ್ಲಿ ಇವರೇ ಕೊನೆಯವರು. 1883ರಲ್ಲಿ ಕುಟುಂಬ ಊರು ಬಿಟ್ಟು ಹಡಗು ಹತ್ತಿ ನ್ಯೂಯಾರ್ಕಿಗೆ ಬಂತು. ಅಲ್ಲಿ ಬಡವರ ಕೇರಿಯಲ್ಲಿ ತಂದೆ ಒಂದು ಸಣ್ಣ ಕಿರಾಣಿ ಅಂಗಡಿ ಇಟ್ಟರು. ಹುಡುಗ ಮನೆಮನೆಗೆ ಸಾಮಾನು ಮುಟ್ಟಿಸುತ್ತಾ ಓದಿದ. ಯಾವ ಮನೆಯವರು ಏನು ಕೊಳ್ಳುತ್ತಾರೆ, ಎಷ್ಟು ಕೊಳ್ಳುತ್ತಾರೆ ಎನ್ನುವ ಲೆಕ್ಕ ಆಗಲೇ ಕಣ್ಣಿಗೆ ಬಿದ್ದಿರಬೇಕು. ಮುಂದೆ ಅದೇ ಲೆಕ್ಕ ಅವರ ಕೈ ಹಿಡಿಯಿತು.

ಕಾಲೇಜಿಗೆ ಸೇರಿದ್ದು ಎಂಜಿನಿಯರ್ ಆಗಬೇಕು ಅಂತ. ಗೆಳೆಯನ ಜೊತೆ ಒಂದು ದಿನ ವೈದ್ಯಕೀಯ ಉಪನ್ಯಾಸ ಕೇಳಲು ಹೋದವರು ಮನಸ್ಸು ಬದಲಾಯಿಸಿ ಆ ಕಡೆಗೇ ಹೊರಳಿದರು. 1895ರಲ್ಲಿ ಬೆಲ್ವ್ಯೂ ಆಸ್ಪತ್ರೆಯ ವೈದ್ಯಕೀಯ ಕಾಲೇಜಿನಿಂದ ಡಾಕ್ಟರಾದರು. ಪೆನ್ಸಿಲ್ವೇನಿಯಾ ರಾಜ್ಯದ ಒಂದು ಊರಲ್ಲಿ ಸ್ವಂತ ದವಾಖಾನೆ ಇಟ್ಟು ನೋಡಿದರು, ಆ ಕೆಲಸ ಅವರಿಗೆ ಒಗ್ಗಲಿಲ್ಲ. 1899ರಲ್ಲಿ ಸರ್ಕಾರಿ ನೌಕರಿಗೆ ಸೇರಿದರು. ಮೊದಲ ಕೆಲಸ ನ್ಯೂಯಾರ್ಕ್ ಬಂದರಿನಲ್ಲಿ ಹಡಗಿನಿಂದ ಇಳಿಯುವ ವಲಸೆಗಾರರ ಆರೋಗ್ಯ ಪರೀಕ್ಷೆ. ಹದಿನಾರು ವರ್ಷದ ಹಿಂದೆ ತಾವೇ ಇಳಿದ ಬಂದರು ಅದು.

ಅಲ್ಲಿಂದ ಮುಂದೆ ಹದಿನೈದು ವರ್ಷ ಎಲ್ಲಿ ಸಾಂಕ್ರಾಮಿಕ ರೋಗವೋ ಅಲ್ಲಿ ಗೋಲ್ಡ್‌ಬರ್ಗರ್. ಹಳದಿ ಜ್ವರ, ಡೆಂಗ್ಯೂ, ಹೇನಿನಿಂದ ಹರಡುವ ಟೈಫಸ್ ಜ್ವರ (ಇದು ಟೈಫಾಯ್ಡ್ ಅಲ್ಲ, ಬೇರೆ), ಈ ಮೂರರ ಕೆಲಸದಲ್ಲೂ ಮೂರೂ ರೋಗ ಅವರಿಗೇ ಹತ್ತಿದವು. ಮೂರರಿಂದಲೂ ಬದುಕಿ ಎದ್ದರು. 1909ರಲ್ಲಿ ಕೆಲವು ಕಡೆ ಜನಕ್ಕೆ ಮೈಯೆಲ್ಲ ತುರಿಕೆ ಗುಳ್ಳೆ ಎದ್ದಾಗ, ಹುಲ್ಲಿನ ಹಾಸಿಗೆಯ ಮೇಲೆ ಅನುಮಾನ ಬಂದು ತಮ್ಮದೇ ತೋಳನ್ನು ಆ ಹುಲ್ಲಿನೊಳಗೆ ಇಟ್ಟು ನೋಡಿದರು. ಗುಳ್ಳೆ ಎದ್ದವು. ಹುಲ್ಲನ್ನು ಜರಡಿ ಹಿಡಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಸಿಕ್ಕಿತು. ಇಂಥ ಮನುಷ್ಯ.

ಮನೆಯ ವಿಚಾರ ಎರಡು ಮಾತು. 1906ರಲ್ಲಿ ಮೇರಿ ಫರಾರ್ ಎಂಬವರನ್ನು ಮದುವೆಯಾದರು. ಆಕೆ ದಕ್ಷಿಣದ ದೊಡ್ಡ ಮನೆತನದ ಕ್ರಿಶ್ಚಿಯನ್ ಹೆಣ್ಣುಮಗಳು, ಇವರು ವಲಸೆ ಬಂದ ಯೆಹೂದಿ. ಎರಡೂ ಕಡೆಯವರಿಗೆ ಸುಲಭವಾಗಿ ಒಪ್ಪಿಗೆಯಾಗುವ ಸಂಬಂಧ ಅಲ್ಲ ಅಂತ ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಮಕ್ಕಳಾದವು. ಯಜಮಾನರು ವರ್ಷದಲ್ಲಿ ಬಹುಪಾಲು ದಿನ ಊರೂರು ತಿರುಗುತ್ತಿದ್ದರು, ಸಂಸಾರ ತೂಗಿಸಿದ್ದು ಆ ತಾಯಿಯೇ. ಈಕೆಯ ವಿಷಯ ಮುಂದೆ ಇನ್ನೊಮ್ಮೆ ಬರುತ್ತದೆ.

ಈಗ ರೋಗದ ವಿಷಯಕ್ಕೆ ಬರೋಣ. ಅದರ ಹೆಸರು ಪೆಲಾಗ್ರಾ. ಇಟಲಿ ಭಾಷೆಯಲ್ಲಿ ಒರಟು ಚರ್ಮ ಅಂತ ಅರ್ಥವಂತೆ. ಮೊದಲು ಕೈಮೇಲೆ, ಪಾದದ ಮೇಲೆ, ಕುತ್ತಿಗೆ ಸುತ್ತ ಬಿಸಿಲು ಬೀಳುವ ಕಡೆ ಚರ್ಮ ಸುಟ್ಟಂತೆ ಕೆಂಪಾಗಿ, ಆಮೇಲೆ ಕಪ್ಪಾಗಿ ಸುಲಿಯುತ್ತದೆ. ಕುತ್ತಿಗೆಗೆ ಸರ ಹಾಕಿದ ಹಾಗೆ ಗುರುತು ಬೀಳುತ್ತದೆ. ಆಮೇಲೆ ಭೇದಿ. ಆಮೇಲೆ ಬುದ್ಧಿ ಭ್ರಮಣೆ. ಹಾಗೇ ಬಿಟ್ಟರೆ ಸಾವು. ಸ್ಪೇನಿನಲ್ಲಿ 1735ರಲ್ಲೇ ಕಸಾಲ್ ಎಂಬ ವೈದ್ಯರು ಇದನ್ನು ಗುರುತಿಸಿ ಬರೆದಿದ್ದರು. ಇಟಲಿಯ ಬಡ ರೈತರಲ್ಲಿ ನೂರಾರು ವರ್ಷ ಇತ್ತು. ಅಮೆರಿಕಾದ ದಕ್ಷಿಣ ರಾಜ್ಯಗಳಲ್ಲಿ 1906-07ರ ಹೊತ್ತಿಗೆ ಗಮನಕ್ಕೆ ಬಂದು ನಾಲ್ಕೈದು ವರ್ಷದಲ್ಲಿ ಹಳ್ಳಿಹಳ್ಳಿಗೂ ಹಬ್ಬಿತು. ದಕ್ಷಿಣ ಕೆರೊಲಿನಾ ಎಂಬ ಒಂದೇ ರಾಜ್ಯದಲ್ಲಿ 1912ರಲ್ಲಿ 30,000 ರೋಗಿಗಳಿದ್ದರು ಎಂದು ವರದಿಯಾಗಿತ್ತು.

ಜನಕ್ಕೆ ಹೆದರಿಕೆ ಹತ್ತಿತು. ರೋಗ ಬಂದವರನ್ನು ನೆಂಟರೂ ಒಳಗೆ ಕರೆಯುತ್ತಿರಲಿಲ್ಲ, ಕೆಲವು ಆಸ್ಪತ್ರೆಗಳೇ ಬಾಗಿಲು ಹಾಕಿದವು. ದೊಡ್ಡ ದೊಡ್ಡ ಡಾಕ್ಟರುಗಳು ಇದು ಅಂಟುರೋಗ, ಯಾವುದೋ ಕ್ರಿಮಿಯಿಂದ ಬರುತ್ತದೆ, ನೊಣ ಹರಡುತ್ತದೆ, ಕೊಳಕಿನಿಂದ ಬರುತ್ತದೆ ಅಂತ ಹೇಳಿದರು. ಆ ಕಾಲದಲ್ಲಿ ಒಂದರ ಹಿಂದೆ ಒಂದು ರೋಗಕ್ಕೆ ಕ್ರಿಮಿ ಸಿಗುತ್ತಿತ್ತು, ಹಾಗಾಗಿ ಇದಕ್ಕೂ ಒಂದು ಸಿಗುತ್ತದೆ ಅಂತ ಎಲ್ಲರೂ ಕಾಯುತ್ತಿದ್ದರು. ಸಾಂಕ್ರಾಮಿಕ ರೋಗಗಳಲ್ಲಿ ಪಳಗಿದ ಗೋಲ್ಡ್‌ಬರ್ಗರ್ ಅವರನ್ನು 1914ರಲ್ಲಿ ಇಲಾಖೆಯ ಮುಖ್ಯಸ್ಥರು ಈ ಕೆಲಸಕ್ಕೆ ಕಳಿಸಿದ್ದೂ ಆ ಕ್ರಿಮಿಯನ್ನು ಹುಡುಕಿ ಹಿಡಿಯಲಿ ಅಂತಲೇ.

ಅವರು ಹೋಗಿ ಮಾಡಿದ ಮೊದಲ ಕೆಲಸ ಸುಮ್ಮನೆ ನೋಡಿದ್ದು. ಹುಚ್ಚಾಸ್ಪತ್ರೆ, ಅನಾಥಾಲಯ, ಜೈಲು ಎಲ್ಲ ತಿರುಗಿದರು. ಒಂದು ವಿಷಯ ಕಣ್ಣಿಗೆ ಹೊಡೆಯಿತು. ಹುಚ್ಚಾಸ್ಪತ್ರೆಯಲ್ಲಿ ರೋಗಿಗಳಿಗೆ ಪೆಲಾಗ್ರಾ ಬರುತ್ತದೆ, ಅವರ ಮಲಮೂತ್ರ ತೊಳೆಯುವ, ಅವರ ಜೊತೆಗೇ ಇರುವ ದಾದಿಯರಿಗೆ ಬರುವುದಿಲ್ಲ. ಅಂಟುರೋಗ ಆದರೆ ನೌಕರ ಯಾರು, ರೋಗಿ ಯಾರು ಅಂತ ವಿಚಾರಿಸಿ ಬರುತ್ತದೆಯೇ? ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ಪಟ್ಟಣದ ಅನಾಥಾಲಯದಲ್ಲಿ ಇನ್ನೂ ವಿಚಿತ್ರ. ಆರು ವರ್ಷದೊಳಗಿನ ಮಕ್ಕಳಿಗೆ ರೋಗ ಇಲ್ಲ, ಹನ್ನೆರಡು ದಾಟಿದವರಿಗೂ ಹೆಚ್ಚುಕಡಿಮೆ ಇಲ್ಲ, ನಡುವಿನ ಮಕ್ಕಳಿಗೆ ಮಾತ್ರ ಇದೆ. ಅಡಿಗೆಮನೆಯಲ್ಲಿ ವಿಚಾರಿಸಿದರು. ಚಿಕ್ಕವು ಅಂತ ಸಣ್ಣ ಮಕ್ಕಳಿಗೆ ಹಾಲು ಕೊಡುತ್ತಿದ್ದರು. ಕೆಲಸ ಮಾಡುವವರು ಅಂತ ದೊಡ್ಡವರಿಗೆ ಮಾಂಸ ಹಾಕುತ್ತಿದ್ದರು. ನಡುವಿನವರಿಗೆ ಎರಡೂ ಇಲ್ಲ. ಅವರ ತಟ್ಟೆಯಲ್ಲಿ ಬರೀ ಮೆಕ್ಕೆಜೋಳದ ನುಚ್ಚು, ಮೆಕ್ಕೆಜೋಳದ ರೊಟ್ಟಿ, ಕಬ್ಬಿನ ಜೋನಿ ಬೆಲ್ಲ.

ದಕ್ಷಿಣದ ಬಡವರ ಊಟವೂ ಅದೇ ಆಗಿತ್ತು. ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಉಪ್ಪು ಹಾಕಿದ ಹಂದಿಯ ಕೊಬ್ಬು. ಕೊಬ್ಬು ಅಂದರೆ ಬಿಳಿ ಕೊಬ್ಬು ಮಾತ್ರ, ಮಾಂಸದ ಭಾಗ ಇರುತ್ತಿರಲಿಲ್ಲ. ಹೊಟ್ಟೆ ತುಂಬುತ್ತಿತ್ತು, ಮೈಗೆ ಬೇಕಾದದ್ದು ಮಾತ್ರ ಸಿಗುತ್ತಿರಲಿಲ್ಲ. ಹೊಟ್ಟೆ ತುಂಬಿದವನಿಗೂ ಊಟದ ಕೊರತೆಯಿಂದ ರೋಗ ಬರಬಹುದು ಅನ್ನುವ ಮಾತು ಆಗ ಡಾಕ್ಟರುಗಳಿಗೂ ಹೊಸದೇ.

ಮೂರು ತಿಂಗಳ ಒಳಗೇ ಗೋಲ್ಡ್‌ಬರ್ಗರ್ ತಮ್ಮ ಅಭಿಪ್ರಾಯ ಪ್ರಕಟಿಸಿದರು. ಇದು ಅಂಟುರೋಗ ಅಲ್ಲ, ಊಟದ ಕೊರತೆ. ಆದರೆ ಅಭಿಪ್ರಾಯವನ್ನು ಯಾರು ಕೇಳುತ್ತಾರೆ, ಮಾಡಿ ತೋರಿಸಬೇಕು. ಜಾಕ್ಸನ್ನಿನ ಎರಡು ಅನಾಥಾಲಯಗಳಲ್ಲಿ, ಜಾರ್ಜಿಯಾದ ಹುಚ್ಚಾಸ್ಪತ್ರೆಯ ಕೆಲವು ವಾರ್ಡುಗಳಲ್ಲಿ ಸರ್ಕಾರದ ಖರ್ಚಿನಲ್ಲಿ ಊಟ ಬದಲಾಯಿಸಿದರು. ಹಾಲು, ಮೊಟ್ಟೆ, ಮಾಂಸ, ಅಲಸಂದೆ ಬಟಾಣಿಯಂಥ ಕಾಳು. ಬೇರೆ ಏನನ್ನೂ ಬದಲಾಯಿಸಲಿಲ್ಲ, ಅದೇ ಕಟ್ಟಡ, ಅದೇ ಹಾಸಿಗೆ, ಅದೇ ಜನಸಂದಣಿ. ಮುಂದಿನ ವರ್ಷ ಆ ಮಕ್ಕಳಲ್ಲಿ ರೋಗ ಇಲ್ಲವೆನ್ನುವ ಮಟ್ಟಕ್ಕೆ ಇಳಿಯಿತು.

ಇಷ್ಟಕ್ಕೂ ವಿರೋಧಿಗಳು ಒಪ್ಪಲಿಲ್ಲ. ಒಳ್ಳೆ ಊಟದಿಂದ ರೋಗ ಹೋದರೆ, ಕೆಟ್ಟ ಊಟದಿಂದ ರೋಗ ಬಂತು ಅಂತ ಅರ್ಥವೇ ಅಂದರು. ಆಗ 1915ರಲ್ಲಿ ಮಿಸಿಸಿಪ್ಪಿಯ ರ್‍ಯಾಂಕಿನ್ ಜೈಲು ಫಾರಂನಲ್ಲಿ ಒಂದು ಪ್ರಯೋಗ ನಡೆಯಿತು. ಆ ರಾಜ್ಯದ ಗವರ್ನರು, ತಾವಾಗಿ ಮುಂದೆ ಬರುವ ಕೈದಿಗಳಿಗೆ ಕ್ಷಮಾದಾನ ಕೊಡುತ್ತೇವೆ ಅಂತ ಒಪ್ಪಿದರು. ಹನ್ನೆರಡು ಜನ ಬಂದರು, ಒಬ್ಬ ನಡುವೆ ಬೇರೆ ಕಾಯಿಲೆಯಿಂದ ಬಿಟ್ಟುಹೋದ. ಉಳಿದ ಹನ್ನೊಂದು ಜನಕ್ಕೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನುಚ್ಚು, ಮೆಕ್ಕೆಜೋಳದ ರೊಟ್ಟಿ, ಮೈದಾದ ರೊಟ್ಟಿ, ಅನ್ನ, ಸಿಹಿಗೆಣಸು, ಕೋಸು, ಜೋನಿ ಬೆಲ್ಲ ಇಷ್ಟೇ. ಹಾಲು, ಮಾಂಸ, ಮೊಟ್ಟೆ, ಕಾಳು ಇಲ್ಲ. ಸುಮಾರು ಐದು ತಿಂಗಳಾದ ಮೇಲೆ ಆರು ಜನರ ಮೈಮೇಲೆ ಪೆಲಾಗ್ರಾ ಗುಳ್ಳೆ ಕಾಣಿಸಿದವು. ಅದೇ ಜೈಲಲ್ಲಿ ಮಾಮೂಲಿ ಊಟ ಮಾಡುತ್ತಿದ್ದ ಬೇರೆ ಯಾರಿಗೂ ಬರಲಿಲ್ಲ. ಕೈದಿಗಳಿಗೆ ಮಾತು ಕೊಟ್ಟಂತೆ ಬಿಡುಗಡೆಯಾಯಿತು.

ಇಲ್ಲಿ ನಮ್ಮದೊಂದು ಮಾತು. ಜೈಲಲ್ಲಿರುವ ಮನುಷ್ಯನಿಗೆ ಬಿಡುಗಡೆ ಆಸೆ ತೋರಿಸಿ ರೋಗ ಬರಿಸುವುದು ಇವತ್ತಿನ ಕಾನೂನಿನಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು. ಆ ಆರು ತಿಂಗಳು ಅವರು ಬಹಳ ಕಷ್ಟಪಟ್ಟರು. ದೊಡ್ಡವರ ಜೀವನ ಚರಿತ್ರೆ ಬರೆಯುವಾಗ ಇಂಥದ್ದನ್ನು ಮುಚ್ಚಿಡುವುದು ಸರಿಯಲ್ಲ ಅಂತ ಬರೆದಿದ್ದೇವೆ. ಆದರೆ ಇದನ್ನೂ ಹೇಳಬೇಕು, ಮುಂದಿನ ಪ್ರಯೋಗಕ್ಕೆ ಗೋಲ್ಡ್‌ಬರ್ಗರ್ ತಮ್ಮ ಮೈಯನ್ನೇ ಕೊಟ್ಟರು.

1916ರ ಏಪ್ರಿಲ್‌ನಲ್ಲಿ ಅವರೂ ಅವರ ಸಹಾಯಕ ಡಾ. ಜಾರ್ಜ್ ವೀಲರ್ ಅವರೂ ಪೆಲಾಗ್ರಾ ರೋಗಿಯ ರಕ್ತ ತೆಗೆದು ಒಬ್ಬರಿಗೊಬ್ಬರು ಚುಚ್ಚಿಕೊಂಡರು. ರೋಗಿಯ ಮೂಗು ಗಂಟಲಿನ ಕಫವನ್ನು ತಮ್ಮ ಮೂಗು ಗಂಟಲಿಗೆ ಹಚ್ಚಿಕೊಂಡರು. ರೋಗಿಯ ಚರ್ಮದ ಹೊಪ್ಪಳೆ, ಮಲ, ಮೂತ್ರ ಇವನ್ನು ಹಿಟ್ಟಿನಲ್ಲಿ ಕಲಸಿ ಗುಳಿಗೆ ಮಾಡಿ ನುಂಗಿದರು. ಬರೆಯುವುದಕ್ಕೇ ಅಸಹ್ಯ, ಆದರೂ ನಡೆದದ್ದು ನಡೆದ ಹಾಗೆ ಬರೆಯಬೇಕು. ಹೊಟ್ಟೆಯ ಹುಳಿ ಕ್ರಿಮಿಯನ್ನು ಕೊಂದಿತು ಅಂತ ನಾಳೆ ಯಾರಾದರೂ ತಕರಾರು ತೆಗೆಯಬಾರದು ಅಂತ ಮೊದಲೇ ಸೋಡಾ ಕುಡಿದಿದ್ದರು. ಬೇರೆ ಬೇರೆ ಊರುಗಳಲ್ಲಿ ಒಟ್ಟು ಹದಿನಾರು ಜನ ಇದರಲ್ಲಿ ಭಾಗಿಯಾದರು. ಅವರಲ್ಲಿ ಒಬ್ಬರೇ ಹೆಂಗಸು, ಶ್ರೀಮತಿ ಮೇರಿ ಗೋಲ್ಡ್‌ಬರ್ಗರ್. ಮನೆಯಲ್ಲಿ ಸಣ್ಣ ಮಕ್ಕಳಿದ್ದ ತಾಯಿ, ಗಂಡ ಹೇಳುತ್ತಿರುವುದು ನಿಜ ಅಂತ ನಂಬಿ ರೋಗಿಯ ರಕ್ತ ಚುಚ್ಚಿಸಿಕೊಂಡರು. ಹದಿನಾರು ಜನರಲ್ಲಿ ಒಬ್ಬರಿಗೂ ಪೆಲಾಗ್ರಾ ಬರಲಿಲ್ಲ.

ಇಷ್ಟಾದರೆ ಒಂದು ರೋಗದ ಕಥೆ ಮುಗಿಯಬೇಕಿತ್ತು. ನಮಗೆ ಈ ಮಹನೀಯರ ಮೇಲೆ ಗೌರವ ಹೆಚ್ಚಾದದ್ದು ಇದರ ಮುಂದಿನ ಕೆಲಸದಿಂದ. ಊಟ ಸರಿಯಿಲ್ಲ ಅಂತ ಹೇಳಿ ಸುಮ್ಮನಾಗಲಿಲ್ಲ. ಊಟ ಯಾಕೆ ಸರಿಯಿಲ್ಲ ಅಂತ ಕೇಳಿದರು.

1916ರಿಂದ ದಕ್ಷಿಣ ಕೆರೊಲಿನಾದ ಏಳು ಹತ್ತಿ ಗಿರಣಿ ಹಳ್ಳಿಗಳನ್ನು ಆರಿಸಿಕೊಂಡರು. ಜೊತೆಗೆ ಅರ್ಥಶಾಸ್ತ್ರ ಬಲ್ಲ ಎಡ್ಗರ್ ಸೈಡನ್‌ಸ್ಟ್ರಿಕರ್ ಎಂಬುವರು. (ಚೀನಾದ ರೈತರ ಮೇಲೆ ಕಾದಂಬರಿ ಬರೆದು ಮುಂದೆ ನೊಬೆಲ್ ಬಹುಮಾನ ಪಡೆದ ಪರ್ಲ್ ಬಕ್ ಅವರ ಅಣ್ಣ ಇವರು.) ಗಿರಣಿ ಹಳ್ಳಿ ಅಂದರೆ ಮನೆ ಗಿರಣಿಯವರದ್ದು, ಅಂಗಡಿಯೂ ಹೆಚ್ಚಾಗಿ ಗಿರಣಿಯವರದ್ದೇ. ದಾವಣಗೆರೆ ಕಡೆಯ ನಮ್ಮ ಓದುಗರಿಗೆ ಹತ್ತಿ ಗಿರಣಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಮನೆಮನೆಗೆ ಹೋಗಿ ಯಾರಿಗೆ ರೋಗ ಇದೆ ಅಂತ ಎರಡು ವಾರಕ್ಕೊಮ್ಮೆ ಪಟ್ಟಿ ಮಾಡಿದರು. ಹದಿನೈದು ದಿನದಲ್ಲಿ ಯಾವ ಮನೆಗೆ ಎಷ್ಟು ಸಂಬಳ ಬಂತು, ಅಂಗಡಿಯ ಖಾತೆಯಲ್ಲಿ ಏನೇನು ಬರೆಸಿದರು, ಮನೆಯಲ್ಲಿ ಹಸು ಇದೆಯೋ, ಹಿತ್ತಿಲಲ್ಲಿ ಏನು ಬೆಳೆದಿದ್ದಾರೆ, ಎಲ್ಲ ಬರೆದುಕೊಂಡರು. ಕಿರಾಣಿ ಅಂಗಡಿಯ ಹುಡುಗ ದೊಡ್ಡವನಾಗಿ ಮತ್ತೆ ಅಂಗಡಿಯ ಲೆಕ್ಕಕ್ಕೇ ಬಂದ ನೋಡಿ.

ಲೆಕ್ಕ ಕೂಡಿಸಿದಾಗ ಬಂದದ್ದು ಇದು. ತೀರ ಕಡಿಮೆ ಆದಾಯದ ಮನೆಗಳಲ್ಲಿ ಸಾವಿರ ಜನಕ್ಕೆ 40ಕ್ಕೂ ಹೆಚ್ಚು ರೋಗಿಗಳು. ಅದೇ ಹಳ್ಳಿಗಳ ಹೆಚ್ಚಿನ ಆದಾಯದ ಮನೆಗಳಲ್ಲಿ ಸಾವಿರಕ್ಕೆ 4ಕ್ಕಿಂತ ಕಡಿಮೆ. ಕಕ್ಕಸಿನ ವ್ಯವಸ್ಥೆ ಚೆನ್ನಾಗಿದ್ದರೂ ಇಲ್ಲದಿದ್ದರೂ ಆ ಲೆಕ್ಕ ಬದಲಾಗಲಿಲ್ಲ. ಹಾಲು ಮತ್ತು ತಾಜಾ ಮಾಂಸ ಹೆಚ್ಚು ಬಳಸಿದ ಮನೆಯಲ್ಲಿ ರೋಗ ಇಲ್ಲ.

ಸಂಬಳ ಒಂದೇ ಇದ್ದರೂ ಒಂದು ಹಳ್ಳಿಯಲ್ಲಿ ರೋಗ ಬಹಳ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಯಾಕೆ ಅಂತ ನೋಡಿದರೆ, ರೋಗ ಇಲ್ಲದ ಹಳ್ಳಿಯ ಸುತ್ತಲಿನ ರೈತರು ಹಲವು ಬೆಳೆ ಬೆಳೆದು, ದನ ಸಾಕಿ, ಮಾಂಸ ತರಕಾರಿಗಳನ್ನು ಹಳ್ಳಿಗೆ ತಂದು ಮಾರುತ್ತಿದ್ದರು. ರೋಗ ಇದ್ದ ಹಳ್ಳಿಯ ಸುತ್ತ ಎಲ್ಲಿ ನೋಡಿದರೂ ಹತ್ತಿ. ದುಡ್ಡು ಕೊಟ್ಟರೂ ಕೊಳ್ಳುವುದಕ್ಕೆ ಹಾಲಿಲ್ಲ. ಚಳಿಗಾಲದ ಕೊನೆಯಲ್ಲಿ ಹಸುಗಳು ಬತ್ತುತ್ತಿದ್ದವು, ಹಿತ್ತಿಲು ಒಣಗಿರುತ್ತಿತ್ತು, ಅದರ ಬೆನ್ನಿಗೇ ವಸಂತದಲ್ಲಿ ಮೈಮೇಲೆ ಗುಳ್ಳೆ ಏಳುತ್ತಿದ್ದವು.

ಹತ್ತಿ ಯಾಕೆ ಅಷ್ಟೊಂದು? ಇದಕ್ಕೆ ಉತ್ತರ ರೈತರಾದ ನಮಗೆ ಬೇಗ ಅರ್ಥವಾಗುತ್ತದೆ. ದಕ್ಷಿಣದ ಬಹುಪಾಲು ಬಡ ರೈತರು, ಕರಿಯರೂ ಬಿಳಿಯರೂ, ಸ್ವಂತ ಹೊಲ ಇಲ್ಲದೆ ಪಾಲಿಗೆ ಮಾಡುತ್ತಿದ್ದರು. ಬಿತ್ತನೆಯಿಂದ ಸುಗ್ಗಿ ತನಕ ಊಟದ ಸಾಮಾನು ಸಾಹುಕಾರನ ಅಂಗಡಿಯಿಂದ ಉದ್ರಿ. ಉದ್ರಿಗೆ ಬಡ್ಡಿ ಬಹಳ. ಸಾಲಕ್ಕೆ ಆಧಾರ ಬರಲಿರುವ ಹತ್ತಿ ಬೆಳೆ. ಹಾಗಾಗಿ ಬಾಗಿಲ ತನಕ ಹತ್ತಿಯನ್ನೇ ಹಾಕಬೇಕು. ಕಾಳು ಬೆಳೆಯಲು, ಹಿತ್ತಿಲು ಮಾಡಲು, ಹಸು ಮೇಯಿಸಲು ಜಾಗ ಇಲ್ಲ. ಅಂಗಡಿಯಲ್ಲಿ ಸಿಗುವುದು ಕೆಡದೆ ಇರುವ ಅಗ್ಗದ ಸಾಮಾನು, ಅಂದರೆ ಹಿಟ್ಟು, ಕಾಕಂಬಿ, ಕೊಬ್ಬು. ಬೆಳೆ ಬಂದಾಗ ಲೆಕ್ಕ ಚುಕ್ತಾ ಆಗಿ ಕೈಗೆ ಏನೂ ಉಳಿಯುವುದಿಲ್ಲ, ಮತ್ತೆ ಉದ್ರಿ. ಸಕಾಲಕ್ಕೆ ಕಡಿಮೆ ಬಡ್ಡಿಗೆ ಸಾಲ ಕೊಡುವ ಒಂದು ಪತ್ತಿನ ಸಂಘ, ದಿನಾ ಹಾಲು ಕೊಂಡು ವಾರಕ್ಕೊಮ್ಮೆ ಬಟವಾಡೆ ಮಾಡುವ ಒಂದು ಹಾಲಿನ ಸಂಘ ಆ ಹಳ್ಳಿಗಳಲ್ಲಿ ಇದ್ದಿದ್ದರೆ ಅಂತ ಓದುವಾಗ ಅನ್ನಿಸದೇ ಇರುವುದಿಲ್ಲ.

ಆದರೆ ಈ ಹೋಲಿಕೆಯನ್ನು ಇಷ್ಟಕ್ಕೇ ಬಿಟ್ಟರೆ ನಮ್ಮ ಬೆನ್ನು ನಾವೇ ತಟ್ಟಿಕೊಂಡ ಹಾಗೆ. ಗೋಲ್ಡ್‌ಬರ್ಗರ್ ಅವರು ಬರೆದುಕೊಂಡದ್ದು ಹಳ್ಳಿಯಲ್ಲಿ ಎಷ್ಟು ಹಾಲು ಕರೆದರು ಅಂತ ಅಲ್ಲ, ಆ ಮನೆಯವರು ಎಷ್ಟು ಹಾಲು ಕುಡಿದರು ಅಂತ. ನಮ್ಮ ಸಂಘದಲ್ಲಿ ಬೆಳಿಗ್ಗೆ ಸಂಜೆ ಕ್ಯಾನು ತುಂಬುತ್ತದೆ, ಕೊಬ್ಬಿನಂಶ ಎಷ್ಟು ಬಂತು ಅಂತ ಎಲ್ಲರೂ ಬಗ್ಗಿ ನೋಡುತ್ತಾರೆ. ಕರೆದದ್ದನ್ನೆಲ್ಲ ಚೊಂಬು ಬಿಡದೆ ತಂದು ಹಾಕಿ, ಮನೆಯಲ್ಲಿ ಮಕ್ಕಳಿಗೆ ಕರಿ ಚಹಾ ಕೊಡುವ ಮನೆಗಳೂ ಇವೆ. ಬಟವಾಡೆ ಹಣಕ್ಕೆ ಕಂತು, ಬೂಸಾ, ಹಿಂಡಿ ಎಲ್ಲ ಕಾಯುತ್ತಿರುತ್ತವೆ, ಅದು ನಮಗೆ ಗೊತ್ತಿಲ್ಲದ್ದಲ್ಲ. 2013ರಲ್ಲಿ ನಮ್ಮ ರಾಜ್ಯದಲ್ಲಿ ಕ್ಷೀರಭಾಗ್ಯ ಯೋಜನೆ ಬಂದಾಗ, ಹಾಲು ಹಾಕುವ ಮನೆಯ ಮಗುವೂ ಶಾಲೆಯಲ್ಲಿ ಲೋಟ ಹಿಡಿದು ನಿಂತದ್ದನ್ನು ನಾವು ನೋಡಿದ್ದೇವೆ. ಸಂಘದ ವರದಿಯಲ್ಲಿ ಶೇಖರಣೆ ಲೀಟರ್ ಬರೆಯುತ್ತೇವೆ. ಮನೆಯಲ್ಲಿ ಉಳಿದ ಲೀಟರ್ ಬರೆಯುವ ಕಾಲಂ ಯಾವ ಸಂಘದ ಪುಸ್ತಕದಲ್ಲೂ ನಮಗೆ ಕಂಡಿಲ್ಲ.

ಮತ್ತೆ ಕಥೆಗೆ ಬರೋಣ. 1920ರಲ್ಲಿ ಹತ್ತಿ ಬೆಲೆ ಬಿತ್ತು. ಪೌಂಡಿಗೆ ಸುಮಾರು 40 ಸೆಂಟ್ ಇದ್ದದ್ದು ವರ್ಷ ಮುಗಿಯುವುದರೊಳಗೆ ಮೂರರಲ್ಲಿ ಒಂದು ಭಾಗಕ್ಕೆ ಇಳಿಯಿತು. ಬೆಲೆ ಬಿದ್ದರೆ ಮುಂದಿನ ವರ್ಷ ಪೆಲಾಗ್ರಾ ಏರುತ್ತದೆ ಅಂತ ಗೋಲ್ಡ್‌ಬರ್ಗರ್ ಮುನ್ಸೂಚನೆ ಕೊಟ್ಟರು. 1921ರಲ್ಲಿ ಇಲಾಖೆ ಇದನ್ನು ಪ್ರಕಟಿಸಿತು, ಅಧ್ಯಕ್ಷ ಹಾರ್ಡಿಂಗ್ ಅವರು ನೆರವು ಕಳಿಸಲು ರೆಡ್‌ಕ್ರಾಸಿಗೆ ಹೇಳಿದರು. ಆಗ ಏನಾಯಿತು ಗೊತ್ತೇ? ದಕ್ಷಿಣದ ರಾಜಕಾರಣಿಗಳೂ ಪತ್ರಿಕೆಗಳೂ ಸಿಡಿದು ಬಿದ್ದರು. ನಮ್ಮಲ್ಲಿ ಹಸಿವಿಲ್ಲ, ನಮ್ಮ ಮಾನ ಕಳೆಯುತ್ತಿದ್ದಾರೆ, ಇನ್ನು ಬಂಡವಾಳ ಹಾಕುವವರು ಬರುವುದಿಲ್ಲ ಅನ್ನುವ ಧಾಟಿಯಲ್ಲಿ ಗಲಾಟೆ. ಅಂಟುರೋಗ ಅಂದರೆ ಅವರಿಗೆ ಬೇಜಾರಿರಲಿಲ್ಲ, ಬಡತನ ಅಂದರೆ ಸಿಟ್ಟು. ಮಾನದ ಮಾತು ಆಡಿದವರ ಮನೆಯಲ್ಲಿ ಹಾಲು ಮಾಂಸಕ್ಕೆ ಕೊರತೆ ಇರಲಿಲ್ಲ ಅನ್ನುವುದು ಬೇರೆ ಮಾತು.

ಹೊಲದ ವ್ಯವಸ್ಥೆ ಬದಲಾಗದೆ ರೋಗ ಪೂರ್ತಿ ಹೋಗುವುದಿಲ್ಲ ಅಂತ ಗೋಲ್ಡ್‌ಬರ್ಗರ್ ಕಂಡುಕೊಂಡಿದ್ದರು. ಆದರೆ ಡಾಕ್ಟರು ಚೀಟಿಯಲ್ಲಿ ಹಾಲು ಅಂತ ಬರೆಯಬಹುದು, ಹಸು ಕೊಡಿಸಲಾರ. ಅದಕ್ಕೆ ಬಡವರ ಕೈಗೆ ಎಟುಕುವ ಅಗ್ಗದ ವಸ್ತು ಹುಡುಕತೊಡಗಿದರು. ನಾಯಿಗಳಿಗೆ ಇದೇ ರೀತಿಯ ಊಟ ಹಾಕಿದರೆ ನಾಲಿಗೆ ಕಪ್ಪಾಗುವ ರೋಗ ಬರುತ್ತಿತ್ತು, ಅದು ನಾಯಿಗಳ ಪೆಲಾಗ್ರಾ. ಅವುಗಳ ಮೇಲೆ ಒಂದೊಂದೇ ಆಹಾರ ಪರೀಕ್ಷಿಸುತ್ತಾ ಹೋದಾಗ ಬಿಯರ್ ತಯಾರಿಕೆಯಲ್ಲಿ ಸಿಗುವ ಒಣಗಿದ ಈಸ್ಟ್ ಪುಡಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ತಿಳಿಯಿತು. ದಿನಕ್ಕೆ ಸ್ವಲ್ಪ ಪುಡಿ, ಖರ್ಚು ಕೆಲವೇ ಸೆಂಟ್.

1927ರಲ್ಲಿ ಮಿಸಿಸಿಪ್ಪಿ ನದಿಗೆ ಮಹಾಪೂರ ಬಂತು. ಲಕ್ಷಾಂತರ ಜನ ಮನೆ ಬಿಟ್ಟು ಶಿಬಿರ ಸೇರಿದರು, ದನಗಳು ಕೊಚ್ಚಿಹೋದವು, ಹಿತ್ತಿಲು ಕೆಸರಾಯಿತು. ಪೆಲಾಗ್ರಾ ಏರುತ್ತದೆ ಅಂತ ಗೋಲ್ಡ್‌ಬರ್ಗರ್ ಅವರ ಸಲಹೆಯ ಮೇಲೆ ರೆಡ್‌ಕ್ರಾಸ್ ಸಾವಿರಾರು ಪೌಂಡ್ ಈಸ್ಟ್ ಹಂಚಿತು. ಅವರೂ ಸೈಡನ್‌ಸ್ಟ್ರಿಕರ್ ಅವರೂ ಆ ಪ್ರದೇಶ ಸುತ್ತಿ ವರದಿ ಬರೆದರು. ಪೂರ ಒಂದು ನೆಪ, ಮೂಲ ಇರುವುದು ಒಂದೇ ಬೆಳೆ ಮತ್ತು ಪಾಲಿನ ಬೇಸಾಯದ ಪದ್ಧತಿಯಲ್ಲಿ ಅನ್ನುವುದು ಆ ವರದಿಯ ಸಾರ.

ಮರು ವರ್ಷ ಅವರ ಆರೋಗ್ಯವೇ ಕೈಕೊಟ್ಟಿತು. ಮೂತ್ರಪಿಂಡದ ಕ್ಯಾನ್ಸರ್. 1929ರ ಜನವರಿ 17ರಂದು ವಾಷಿಂಗ್ಟನ್ನಿನಲ್ಲಿ ತೀರಿಕೊಂಡರು, ವಯಸ್ಸು 54. ಬೂದಿಯನ್ನು ಪೊಟೊಮ್ಯಾಕ್ ನದಿಯಲ್ಲಿ ಬಿಟ್ಟರು. ನೊಬೆಲ್ ಬಹುಮಾನಕ್ಕೆ ಹೆಸರು ಹೋಗಿತ್ತು, ಬರಲಿಲ್ಲ.

ಊಟದಲ್ಲಿ ಕೊರತೆಯಾದ ಆ ವಸ್ತು ಯಾವುದು ಅಂತ ಅವರಿಗೆ ಕೊನೆತನಕ ತಿಳಿಯಲಿಲ್ಲ. 1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಜೆಮ್ ಎಂಬ ವಿಜ್ಞಾನಿ, ಅದೇ ಕಪ್ಪು ನಾಲಿಗೆಯ ನಾಯಿಗಳ ಮೇಲೆ ಪ್ರಯೋಗ ಮಾಡಿ, ಅದು ನಿಕೋಟಿನಿಕ್ ಆಮ್ಲ ಅಂತ ಕಂಡುಹಿಡಿದರು. ಈಗ ನಿಯಾಸಿನ್ ಅನ್ನುತ್ತಾರೆ, ಬಿ ಗುಂಪಿನ ಜೀವಸತ್ವ. ತಮಾಷೆ ಅಂದರೆ ಆ ಪುಡಿ ರಸಾಯನ ಶಾಸ್ತ್ರದವರಿಗೆ ಹತ್ತೊಂಬತ್ತನೇ ಶತಮಾನದಿಂದಲೇ ಗೊತ್ತಿತ್ತು. ರೋಗಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಮಾತ್ರ ಯಾರಿಗೂ ತಿಳಿದಿರಲಿಲ್ಲ. 1940ರ ದಶಕದಲ್ಲಿ ಅಮೆರಿಕಾದಲ್ಲಿ ಹಿಟ್ಟಿಗೆ ಅದನ್ನು ಬೆರೆಸತೊಡಗಿದರು. ಅದೇ ಹೊತ್ತಿಗೆ ಕೂಲಿ ಏರಿತು, ಬರೀ ಹತ್ತಿ ಬೆಳೆಯುವುದೂ ಕಡಿಮೆಯಾಯಿತು, ರೋಗ ಹೋಯಿತು. ಅಷ್ಟರೊಳಗೆ ಸುಮಾರು 30 ಲಕ್ಷ ಜನಕ್ಕೆ ರೋಗ ಬಂದು ಒಂದು ಲಕ್ಷ ಜನ ಸತ್ತಿದ್ದರು ಅಂತ ಅಂದಾಜು.

ಮೆಕ್ಕೆಜೋಳದ ಮೇಲೆ ತಪ್ಪು ಹೊರಿಸಬಾರದು. ಅದರಲ್ಲೂ ನಿಯಾಸಿನ್ ಇದೆ, ಆದರೆ ನಮ್ಮ ಹೊಟ್ಟೆಗೆ ದಕ್ಕದ ಹಾಗೆ ಬಿಗಿದುಕೊಂಡಿದೆ. ಮೆಕ್ಸಿಕೋದ ಮೂಲನಿವಾಸಿಗಳು ಸಾವಿರಾರು ವರ್ಷದಿಂದ ಅದನ್ನೇ ತಿಂದು ಗಟ್ಟಿಯಾಗಿದ್ದರು. ಅವರು ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ, ಆಮೇಲೆ ಅರೆಯುತ್ತಾರೆ, ಆಗ ಅದು ಬಿಡಿಸಿಕೊಳ್ಳುತ್ತದೆ. ಯುರೋಪಿನವರು ಬೀಜ ತೆಗೆದುಕೊಂಡು ಹೋದರು, ಸುಣ್ಣ ಹಾಕುವ ಪದ್ಧತಿ ಕೇಳಿಕೊಂಡು ಹೋಗಲಿಲ್ಲ. ಹಾಲಿನ ವಿಷಯ ಇನ್ನೂ ಬೇರೆ. ಹಾಲಲ್ಲಿ ನಿಯಾಸಿನ್ ಕಡಿಮೆ, ಆದರೆ ಟ್ರಿಪ್ಟೊಫ್ಯಾನ್ ಎಂಬ ಅಂಶ ಇದೆ, ಅದರಿಂದ ನಮ್ಮ ಮೈಯೇ ನಿಯಾಸಿನ್ ತಯಾರಿಸಿಕೊಳ್ಳುತ್ತದೆ. ನಾವು ದಾವಣಗೆರೆ ಹಾವೇರಿ ಸೀಮೆಯವರು ಎಕರೆಗಟ್ಟಲೆ ಮೆಕ್ಕೆಜೋಳ ಬೆಳೆದರೂ ಅದು ಹೆಚ್ಚಾಗಿ ಕೋಳಿ ಮೇವಿಗೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ, ತಟ್ಟೆಗೆ ಬರುವುದು ಕಡಿಮೆ.

ಜೋಳದ ರೊಟ್ಟಿ ತಿನ್ನುವ ನಾವು ಕೇಳಬೇಕಾದ ಇನ್ನೊಂದು ವಿಷಯ ಇದೆ. ಹೈದರಾಬಾದಿನ ಪೌಷ್ಟಿಕ ಆಹಾರ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಅವರ ಜೊತೆಗಾರರು 1960ರ ಸುಮಾರಿಗೆ ಪೆಲಾಗ್ರಾ ರೋಗಿಗಳನ್ನು ದಖನ್ ಸೀಮೆಯಲ್ಲೇ ಕಂಡರು. ಇವರು ಮೆಕ್ಕೆಜೋಳ ತಿನ್ನುವವರಲ್ಲ, ಬಿಳಿಜೋಳ ತಿನ್ನುವವರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಾಗಿರುವುದು ಇದಕ್ಕೆ ಕಾರಣವಿರಬಹುದು ಅಂತ ಅವರು ಬರೆದರು, ಅದರ ಮೇಲೆ ವಿಜ್ಞಾನಿಗಳಲ್ಲಿ ಬಹಳ ಚರ್ಚೆ ನಡೆಯಿತು. ಜೋಳ ತಿಂದವರಿಗೆಲ್ಲ ರೋಗ ಬರಲಿಲ್ಲ. ರೊಟ್ಟಿಯ ಜೊತೆಗೆ ಬೇಳೆ, ಕಾಳುಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಇದ್ದ ಮನೆಯವರು ಅದನ್ನೇ ತಿಂದು ಗಟ್ಟಿಯಾಗಿದ್ದರು. ಆಸ್ಪತ್ರೆಗೆ ಬಂದವರು ರೊಟ್ಟಿ ಖಾರ ಬಿಟ್ಟರೆ ಬೇರೆ ಗತಿ ಇಲ್ಲದ ಬಡವರು.